ಗೆಳೆಯರ ಆಟದಲ್ಲಿ ಬಲದ ಮಿತಿ

ಚದುರಂಗದ ಮಣೆಯ ಮುಂದೆ ಕುಳಿತ ಇಬ್ಬರಲ್ಲಿ ಒಬ್ಬನು ಕೋಟ್ಯಧೀಶನಾಗಿರಬಹುದು, ಮತ್ತೊಬ್ಬನು ದಿನಗೂಲಿಯವನಾಗಿರಬಹುದು. ಮಣೆಯ ಮೇಲೆ ಮಾತ್ರ ಇಬ್ಬರಿಗೂ ಇರುವುದು ಹದಿನಾರು ಕಾಯಿಗಳೇ. ಇಸ್ಪೀಟಿನಲ್ಲಿಯೂ ಹಾಗೆಯೇ, ಐವತ್ತೆರಡು ಎಲೆಗಳ ಒಂದೇ ಕಟ್ಟು ಎಲ್ಲರಿಗೂ ಹಂಚಿಹೋಗುತ್ತದೆ. ಕೆಟ್ಟ ಎಲೆ ಬಂದವನು ಅದೃಷ್ಟವನ್ನು ಹಳಿಯಬಹುದೇ ಹೊರತು ಎದುರಾಳಿಯ ಹಣದ ಚೀಲವನ್ನು ಹಳಿಯುವಂತಿಲ್ಲ. ಲೋಕದ ಅಸಮಾನತೆಯನ್ನು ಆಟವು ಒಂದು ಗಳಿಗೆಯ ಮಟ್ಟಿಗೆ ಬಾಗಿಲ ಹೊರಗೆ ನಿಲ್ಲಿಸುತ್ತದೆಂಬ ಭಾವನೆ ಬಹುಕಾಲದಿಂದ ಬೆಳೆದುಬಂದಿರುವುದು ಈ ಕಾರಣದಿಂದಲೇ.

ಕಳೆದ ಮೂರು ದಶಕಗಳಲ್ಲಿ ಜಗತ್ತಿನ ಅನೇಕ ದೇಶಗಳಿಗೆ ಹರಡಿದ ಒಂದು ಬಗೆಯ ಆಟ ಈ ಭಾವನೆಯನ್ನು ಅಲುಗಿಸಿದೆ. ಟ್ರೇಡಿಂಗ್ ಕಾರ್ಡ್ ಆಟವೆಂದು ಅದಕ್ಕೆ ಹೆಸರು. ಅದರಲ್ಲಿ ಎಲ್ಲರಿಗೂ ಸಮಾನವಾದ ಕಟ್ಟು ಎಂಬುದೇ ಇಲ್ಲ. ಪ್ರತಿಯೊಬ್ಬನೂ ತನ್ನ ಕಾರ್ಡುಗಳನ್ನು ತಾನೇ ಕೊಂಡು, ಗೆಳೆಯರೊಡನೆ ಅದಲುಬದಲು ಮಾಡಿಕೊಂಡು, ಅವುಗಳಿಂದ ತನ್ನದೇ ಒಂದು ‘ಡೆಕ್ಕ’ನ್ನು ಮನೆಯಲ್ಲಿ ಕಟ್ಟಿ, ಅದನ್ನು ಹಿಡಿದು ಆಟದ ಮೇಜಿಗೆ ಬರುತ್ತಾನೆ. ಪೋಕೆಮಾನ್ ಚಿತ್ರಗಳ ಕಾರ್ಡುಗಳನ್ನು ಮಕ್ಕಳ ಕೈಯಲ್ಲಿ ಕಂಡ ಹಿರಿಯರಿಗೆ ಈ ಆಟಗಳ ಹೊರರೂಪದ ಪರಿಚಯವಿದ್ದೀತು. ಅವುಗಳ ಒಳಗಿರುವ ನೀತಿಯ ಪ್ರಶ್ನೆ ಮಾತ್ರ ಮಕ್ಕಳಾಟದ್ದಲ್ಲ. ಬಲವು ಹಣಕ್ಕೆ ದೊರೆಯುವಲ್ಲಿ, ಅದನ್ನು ಕೊಳ್ಳಬಾರದೆಂಬ ನಿಯಮ ಯಾವುದೂ ಇಲ್ಲದಿರುವಾಗ, ಗೆಳೆಯರ ನಡುವೆ ಆಡುವವನು ತನ್ನ ಬಲಕ್ಕೆ ತಾನೇ ಮಿತಿ ಹಾಕಿಕೊಳ್ಳಬೇಕೆ? ಹಾಕಿಕೊಳ್ಳಬೇಕಾದರೆ ಆ ಮಿತಿಯ ಸ್ಥಾನ ಯಾವುದು?

ಈ ಆಟಗಳ ಆಧುನಿಕ ರೂಪಕ್ಕೆ ಮೂಲವಾದದ್ದು ‘ಮ್ಯಾಜಿಕ್: ದ ಗ್ಯಾದರಿಂಗ್’. ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞರು ರೂಪಿಸಿದ ಇದನ್ನು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಆಗ ತಾನೇ ತಲೆಯೆತ್ತುತ್ತಿದ್ದ ವಿಜರ್ಡ್ಸ್ ಆಫ್ ದ ಕೋಸ್ಟ್ ಎಂಬ ಸಂಸ್ಥೆ 1993ರ ಆಗಸ್ಟ್‌ನಲ್ಲಿ ಹೊರತಂದಿತು. ಆಟದ ಬಗೆ ಸ್ಥೂಲವಾಗಿ ಹೀಗಿದೆ. ಇಬ್ಬರೂ ತಲಾ ಇಪ್ಪತ್ತು ಪ್ರಾಣಾಂಕಗಳೊಡನೆ ಆರಂಭಿಸಿ, ಏಳು ಕಾರ್ಡುಗಳನ್ನು ಕೈಗೆ ತೆಗೆದುಕೊಂಡು, ಬಳಿಕ ಸರದಿಗೊಂದರಂತೆ ಎಳೆಯುತ್ತಾ ಹೋಗುತ್ತಾರೆ. ಕೆಲವು ಕಾರ್ಡುಗಳು ಭೂಮಿಗಳು. ಸರದಿಗೆ ಒಂದನ್ನು ಮಾತ್ರ ಮೇಜಿನ ಮೇಲೆ ಇಡಬಹುದು. ಆ ಭೂಮಿಗಳು ಕೊಡುವ ಶಕ್ತಿಯನ್ನು ವೆಚ್ಚಮಾಡಿ ಜೀವಿಗಳನ್ನೂ ಮಂತ್ರಗಳನ್ನೂ ಪ್ರಯೋಗಿಸಬೇಕು. ಎದುರಾಳಿಯ ಅಂಕಗಳನ್ನು ಶೂನ್ಯಕ್ಕೆ ಇಳಿಸಿದವನು ಗೆದ್ದನು. ಕಾರ್ಡುಗಳು ಮುಚ್ಚಿದ ಪೊಟ್ಟಣಗಳಲ್ಲಿ ಬರುತ್ತಿದ್ದವು. ಹದಿನೈದರ ಪೊಟ್ಟಣದಲ್ಲಿ ಬಹುಪಾಲು ಸಾಮಾನ್ಯವಾದವು, ಒಂದು ಮಾತ್ರ ವಿರಳವಾದದ್ದು. ಯಾವುದು ದೊರೆಯುವುದೆಂದು ಕೊಳ್ಳುವವನಿಗೆ ಮೊದಲೇ ತಿಳಿಯುವಂತಿರಲಿಲ್ಲ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಅಚ್ಚಿಗೆ ಹೋಗುವ ಮೊದಲು ಈ ಆಟವನ್ನು ಆಡಿ ಪರೀಕ್ಷಿಸಿದವರು ಗಾರ್ಫೀಲ್ಡರ ಗೆಳೆಯರು. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಆ ವಿದ್ಯಾರ್ಥಿಮಿತ್ರರು ಹಿಡಿದಿದ್ದದ್ದು ಅಂಗಡಿಯ ಕಾರ್ಡುಗಳನ್ನಲ್ಲ. ನಕಲು ಯಂತ್ರದಲ್ಲಿ ಚಿತ್ರ ಮೂಡಿಸಿ ಕೈಯಿಂದ ತಯಾರಿಸಿದ ಕಾಗದದ ತುಂಡುಗಳನ್ನು. ಲಕ್ಷಾಂತರ ಡಾಲರುಗಳಿಗೆ ಕೈಬದಲಾಗುವ ಕಾರ್ಡುಗಳ ಪೂರ್ವಜರು ಇವು! ಒಬ್ಬ ಆಟಗಾರನು ಕೆಲವೇ ಪೊಟ್ಟಣಗಳನ್ನು ಕೊಂಡಾನು, ಬೇರೆ ಯಾವುದೇ ಮನೆಯಾಟಕ್ಕೆ ವ್ಯಯಿಸುವಷ್ಟನ್ನೇ ವ್ಯಯಿಸಿಯಾನು ಎಂಬುದು ಮೊದಲಿನ ನಿರೀಕ್ಷೆಯಾಗಿತ್ತು. ಹಾಗಿದ್ದಲ್ಲಿ ಒಂದು ಮಿತ್ರಕೂಟದಲ್ಲಿ ಅತಿ ಬಲಿಷ್ಠ ಕಾರ್ಡು ಒಂದೋ ಎರಡೋ ಇರುತ್ತಿತ್ತು. ಅದು ಹೊರಬಿದ್ದಾಗ ಎಲ್ಲರಿಗೂ ವಿಸ್ಮಯವಾಗುತ್ತಿತ್ತು. ಮನುಷ್ಯನ ಸಂಗ್ರಹಬುದ್ಧಿ ಈ ನಿರೀಕ್ಷೆಯನ್ನು ಕೆಲವೇ ತಿಂಗಳುಗಳಲ್ಲಿ ಸುಳ್ಳು ಮಾಡಿತು.

ಮೊದಲ ನಿಯಮಗಳಲ್ಲಿ ಪಣವೂ ಇತ್ತು. ಆಟದ ಆರಂಭದಲ್ಲಿ ಇಬ್ಬರೂ ತಮ್ಮ ಡೆಕ್ಕಿನಿಂದ ಒಂದೊಂದು ಕಾರ್ಡನ್ನು ನೋಡದೆ ತೆಗೆದು ಪಕ್ಕಕ್ಕಿಡಬೇಕು. ಗೆದ್ದವನಿಗೆ ಎರಡೂ ಸೇರಬೇಕು. ಇದು ದ್ಯೂತವೆಂಬುದರಲ್ಲಿ ವಾದಕ್ಕೆ ಎಡೆಯಿಲ್ಲ. ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲಿಗೆ ಎಣಿಸಿದ ಪರಂಪರೆಯ ಕುಟುಂಬವೊಂದು ಅಂದಿನ ಆ ಆಟವನ್ನು ಮನೆಗೆ ಸೇರಿಸದಿದ್ದರೆ ಅದು ಸರಿಯಾದ ನಡೆಯೇ ಆಗುತ್ತಿತ್ತು. ಆಟಗಾರರು ತಾವಾಗಿಯೇ ಪಣವನ್ನು ಒಲ್ಲದೆ ಹೋದರು. ಪಣವನ್ನು ಕುರಿತ ಕಾರ್ಡುಗಳನ್ನು ಸ್ಪರ್ಧೆಗಳಲ್ಲಿ ನಿಷೇಧಿಸಲಾಯಿತು. 1995ರ ಬಳಿಕ ಅಂತಹ ಹೊಸ ಕಾರ್ಡು ಅಚ್ಚಾಗಲಿಲ್ಲ. ಆದುದರಿಂದ ಇಂದು ಗೆಳೆಯರು ಪಣವಿಲ್ಲದೆ ಆಡುವ ಆಟವನ್ನು ದ್ಯೂತವೆಂದು ಕರೆಯುವುದು ನ್ಯಾಯವಲ್ಲ. ಮುಚ್ಚಿದ ಪೊಟ್ಟಣವನ್ನು ಆಸೆಯಿಂದ ಒಂದರ ಮೇಲೊಂದು ಒಡೆಯುತ್ತಾ ಹೋಗುವ ಚಪಲ ಬೇರೆ ವಿಷಯ. ಅಲ್ಲಿ ದ್ಯೂತದ ವಾಸನೆ ಉಳಿದೇ ಇದೆ. ಮನೆಯ ಹಿರಿಯರು ನಿಗಾ ವಹಿಸಬೇಕಾದದ್ದು ಆಟದ ಮೇಜಿಗಿಂತ ಅಂಗಡಿಯ ಕಟ್ಟೆಯ ಮೇಲೆ.

ಮೊದಲಲ್ಲಿ ಡೆಕ್ಕಿನಲ್ಲಿ ಕನಿಷ್ಠ ನಲವತ್ತು ಕಾರ್ಡುಗಳಿದ್ದರೆ ಸಾಕಿತ್ತು; ಒಂದೇ ಕಾರ್ಡನ್ನು ಎಷ್ಟು ಬಾರಿಯಾದರೂ ಸೇರಿಸಬಹುದಿತ್ತು. ಬ್ಲ್ಯಾಕ್ ಲೋಟಸ್ ಎಂಬ ಕಾರ್ಡೊಂದಿದೆ. ಯಾವ ವೆಚ್ಚವೂ ಇಲ್ಲದೆ ಅದನ್ನು ಮೊದಲ ಸರದಿಯಲ್ಲೇ ಇಟ್ಟು ಮೂರು ಭೂಮಿಗಳ ಶಕ್ತಿಯನ್ನು ಒಮ್ಮೆಗೆ ಪಡೆಯಬಹುದು. ಉಳ್ಳವನೊಬ್ಬನು ಅಂತಹವನ್ನು ಹತ್ತಾರು ಕೂಡಿಹಾಕಿದರೆ ಎದುರಾಳಿ ಕಾರ್ಡು ಎತ್ತುವ ಮೊದಲೇ ಆಟ ಮುಗಿದಿರುತ್ತಿತ್ತು. 1994ರಲ್ಲಿ ಸ್ಪರ್ಧೆಗಳಿಗೆ ಹೊಸ ಕಟ್ಟಳೆ ಬಂದಿತು: ಡೆಕ್ಕಿನಲ್ಲಿ ಕನಿಷ್ಠ ಅರವತ್ತು ಕಾರ್ಡುಗಳಿರಬೇಕು, ಸಾಮಾನ್ಯ ಭೂಮಿಗಳ ಹೊರತು ಯಾವ ಕಾರ್ಡೂ ನಾಲ್ಕನ್ನು ಮೀರಬಾರದು, ಬ್ಲ್ಯಾಕ್ ಲೋಟಸ್‌ನಂತಹವು ಒಂದೇ ಇರಬೇಕು. 1996ರಲ್ಲಿ ಸಂಸ್ಥೆಯು ಸಂಗ್ರಾಹಕರನ್ನು ಸಮಾಧಾನಪಡಿಸಲು ಕೆಲವು ಹಳೆಯ ಕಾರ್ಡುಗಳನ್ನು ಮತ್ತೆ ಅಚ್ಚು ಮಾಡುವುದಿಲ್ಲವೆಂದು ಮಾತು ಕೊಟ್ಟಿತು. ಆ ಮಾತಿನ ಫಲವನ್ನು ಕಾಣಬೇಕಾದರೆ ಒಂದು ಅಂಕಿ ಸಾಕು: 2021ರ ಜನವರಿಯಲ್ಲಿ ಮೊದಲ ಮುದ್ರಣದ ಒಂದು ಬ್ಲ್ಯಾಕ್ ಲೋಟಸ್ 5,11,100 ಡಾಲರುಗಳಿಗೆ ಹರಾಜಾಯಿತು. ಆಡಲೆಂದು ಮಾಡಿದ ವಸ್ತು ಆಡಲಾರದಷ್ಟು ಬೆಲೆಯುಳ್ಳದ್ದಾಯಿತು. ವಸ್ತುವಿಗಿಂತ ಅದರ ಮೇಲಿನ ಮೂರ್ಛೆಯೇ ಪರಿಗ್ರಹವೆಂದು ಬಗೆದ ಉಮಾಸ್ವಾತಿ ಆಚಾರ್ಯರ ದೃಷ್ಟಿಗೆ ಇದಕ್ಕಿಂತ ಸರಳವಾದ ಉದಾಹರಣೆ ಸಿಗಲಾರದು.

ಸ್ಪರ್ಧೆಯ ಕಟ್ಟಳೆ ಸ್ಪರ್ಧೆಗೆ ಸರಿ. ಅಲ್ಲಿ ಬಂದವರೆಲ್ಲರೂ ಗೆಲ್ಲಲೆಂದೇ ಬಂದವರು. ಕಟ್ಟಳೆಯೊಳಗೆ ಸಾಧ್ಯವಿರುವ ಅತಿ ಬಲಿಷ್ಠ ಡೆಕ್ಕನ್ನು ತರುವುದು ಅಲ್ಲಿ ಧರ್ಮವೇ. ಗೆಳೆಯರ ಮೇಜಿನ ಸ್ಥಿತಿ ಬೇರೆ. ನಾಲ್ವರು ಮಿತ್ರರು ವಾರಕ್ಕೊಮ್ಮೆ ಸೇರುತ್ತಾರೆಂದು ಭಾವಿಸಬಹುದು. ಮೂವರು ತಮ್ಮ ಬಳಿ ಇದ್ದ ಕಾರ್ಡುಗಳಿಂದ ಡೆಕ್ಕು ಕಟ್ಟಿದ್ದಾರೆ. ಒಬ್ಬನಿಗೆ ಒಂದು ಚಿತ್ರ ಇಷ್ಟವಾಯಿತೆಂದು ಆ ಕಾರ್ಡು ಸೇರಿದೆ; ಇನ್ನೊಬ್ಬನು ಯಾರಿಗೂ ಬೇಡವಾದ ಕಾರ್ಡೊಂದರ ಸುತ್ತ ಇಡೀ ಉಪಾಯವನ್ನು ಹೆಣೆದಿದ್ದಾನೆ; ಮೂರನೆಯವನದು ಅದಲುಬದಲಿನಲ್ಲಿ ದೊರೆತದ್ದು. ನಾಲ್ಕನೆಯವನು ಸ್ಪರ್ಧೆಯೊಂದರಲ್ಲಿ ಗೆದ್ದ ಡೆಕ್ಕಿನ ಪಟ್ಟಿಯನ್ನು ಹುಡುಕಿ, ಅದರಲ್ಲಿದ್ದ ಕಾರ್ಡುಗಳನ್ನೆಲ್ಲ ಒಂದೇ ಬಾರಿಗೆ ಕೊಂಡು ತಂದಿದ್ದಾನೆ. ಪ್ರತಿ ಆಟವನ್ನೂ ಅವನೇ ಗೆಲ್ಲುತ್ತಾನೆ. ಅವನು ಮೋಸ ಮಾಡಿಲ್ಲ, ಯಾವ ನಿಯಮವನ್ನೂ ಮುರಿದಿಲ್ಲ. ಆದರೂ ಕೆಲವು ವಾರಗಳಲ್ಲಿ ಕೂಟ ಒಡೆಯುತ್ತದೆ. ಒಡೆದವನು ಯಾರು?

ಈ ಪ್ರಶ್ನೆಗೆ ಹಣವನ್ನಷ್ಟೇ ಹೊಣೆ ಮಾಡಿದರೆ ಉತ್ತರ ಸುಲಭ, ಆದರೆ ಅರ್ಧ. ಅಗ್ಗದ ಸಾಮಾನ್ಯ ಕಾರ್ಡುಗಳಿಂದಲೂ ಭಯಂಕರವಾದ ಡೆಕ್ಕನ್ನು ಕಟ್ಟಬಹುದು. ಸಾಮಾನ್ಯ ಕಾರ್ಡುಗಳನ್ನಷ್ಟೇ ಬಳಸಬೇಕೆಂಬ ‘ಪಾಪರ್’ ಎಂಬ ಪದ್ಧತಿಯೇ ಇದೆ; ಆಟಗಾರರ ನಡುವೆ ಹುಟ್ಟಿದ ಅದನ್ನು ಸಂಸ್ಥೆಯು 2019ರಲ್ಲಿ ಕಾಗದದ ಕಾರ್ಡುಗಳಿಗೂ ಅಧಿಕೃತಗೊಳಿಸಿತು. ಅಲ್ಲಿಯೂ ಗೆಲ್ಲಲೆಂದೇ ತಿದ್ದಿ ತೀಡಿದ ಡೆಕ್ಕುಗಳುಂಟು, ಅಲ್ಲಿಯೂ ಹೊಸಬನು ಸೋತು ಸುಣ್ಣವಾಗುತ್ತಾನೆ. ಬಡ ಡೆಕ್ಕು ತಾನಾಗಿಯೇ ಸಾತ್ತ್ವಿಕವಲ್ಲ, ಕೊಂಡ ಡೆಕ್ಕು ತಾನಾಗಿಯೇ ತಾಮಸವಲ್ಲ.

ಹಣದ ಅಂತರವನ್ನು ಅಳಿಸಲು ಆಟಗಾರರು ಕಂಡುಕೊಂಡ ಮತ್ತೊಂದು ದಾರಿ ‘ಪ್ರಾಕ್ಸಿ’. ಕೊಳ್ಳಲಾಗದ ಕಾರ್ಡಿನ ಹೆಸರನ್ನೂ ಗುಣವನ್ನೂ ಒಂದು ಚೀಟಿಯ ಮೇಲೆ ಬರೆದೋ ಮುದ್ರಿಸಿಯೋ, ಸಾಮಾನ್ಯ ಕಾರ್ಡಿನ ಮುಂದಿಟ್ಟು ಪಾರದರ್ಶಕ ಹೊದಿಕೆಯಲ್ಲಿ ತೂರಿಸಿ, ಅದನ್ನೇ ಮೂಲ ಕಾರ್ಡೆಂದು ಬಗೆದು ಆಡುವುದು. ಇದು ಅಚೌರ್ಯಕ್ಕೆ ಭಂಗವಲ್ಲವೆ ಎಂದು ಕೇಳುವವರಿದ್ದಾರೆ. ಕೇಳತಕ್ಕ ಪ್ರಶ್ನೆಯೇ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ಪ್ರತಿರೂಪಕ ವ್ಯವಹಾರ’ವೆಂಬುದು ಒಂದು, ನಕಲಿಯನ್ನು ಅಸಲಿಯೆಂದು ನಂಬಿಸಿ ವ್ಯಾಪಾರ ಮಾಡುವುದು ಅದರ ಅರ್ಥ. ಮೂಲದಂತೆಯೇ ಕಾಣುವ ಖೋಟಾ ಕಾರ್ಡನ್ನು ಅದಲುಬದಲಿಗೆ ಒಡ್ಡುವವನು ಈ ಅತಿಚಾರಕ್ಕೆ ನೇರವಾಗಿ ಸಲ್ಲುತ್ತಾನೆ. ಮೇಜಿನ ಮೇಲೆ ಎಲ್ಲರಿಗೂ ಚೀಟಿಯೆಂದು ಗೊತ್ತಿರುವ ಚೀಟಿಯಲ್ಲಿ ನಂಬಿಸುವ ಮಾತೂ ಇಲ್ಲ, ವ್ಯಾಪಾರವೂ ಇಲ್ಲ. ಸ್ವಂತ ಉಪಯೋಗಕ್ಕೆ, ವ್ಯಾಪಾರದ ಉದ್ದೇಶವಿಲ್ಲದೆ, ಪರೀಕ್ಷಾರ್ಥವಾಗಿ ಮಾಡಿಕೊಳ್ಳುವ ಇಂತಹ ಚೀಟಿಗಳ ಬೆನ್ನು ಹತ್ತುವ ಇಚ್ಛೆ ತನಗಿಲ್ಲವೆಂದು ವಿಜರ್ಡ್ಸ್ ಸಂಸ್ಥೆಯೇ 2016ರ ಜನವರಿಯಲ್ಲಿ ತಿಳಿಸಿತು. ಅಧಿಕೃತ ಸ್ಪರ್ಧೆಗಳಿಗೆ ಮಾತ್ರ ಮೂಲ ಕಾರ್ಡುಗಳೇ ಬೇಕು. ಆಟದ ಮೂವತ್ತನೆಯ ವರ್ಷದ ನೆಪದಲ್ಲಿ ಅದೇ ಸಂಸ್ಥೆ 2022ರ ನವೆಂಬರ್‌ನಲ್ಲಿ ಹಳೆಯ ಕಾರ್ಡುಗಳ ಪ್ರತಿರೂಪಗಳನ್ನು ನಾಲ್ಕು ಪೊಟ್ಟಣಗಳಿಗೆ 999 ಡಾಲರಿನಂತೆ ಮಾರಿತು. ಅವುಗಳ ಹಿಂಬದಿ ಬೇರೆ. ಸ್ಪರ್ಧೆಯಲ್ಲಿ ಅವು ಸಲ್ಲುವುದಿಲ್ಲ. ಅಂದರೆ ಅವೂ ಚೀಟಿಗಳೇ, ಬೆಲೆಯೊಂದು ಬೇರೆ.

ಹೀಗೆ ಚೀಟಿಯು ಕಳ್ಳತನದ ಆರೋಪದಿಂದ ಪಾರಾದರೂ ಮೂಲಪ್ರಶ್ನೆಯಿಂದ ಪಾರಾಗುವುದಿಲ್ಲ. ನಾಲ್ವರೂ ಚೀಟಿಗಳನ್ನು ಮಾಡಿಕೊಳ್ಳಬಹುದಾದರೆ ನಾಲ್ವರಿಗೂ ಬ್ಲ್ಯಾಕ್ ಲೋಟಸ್ ಉಂಟು. ಹಣದ ಅಂತರ ಹೋಯಿತು. ಒಬ್ಬನು ಅತಿ ಬಲವನ್ನೇ ಬಯಸಿ ಉಳಿದವರು ಬಯಸದಿದ್ದರೆ ಕೂಟ ಆಗಲೂ ಒಡೆಯುತ್ತದೆ. ಜನ್ನಕವಿಯ ‘ಯಶೋಧರ ಚರಿತೆ’ಯನ್ನು ಕೇಳಿ ಬೆಳೆದವರಿಗೆ ಇದು ಹೊಸ ಮಾತಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಯಶೋಧರನು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಕೋಳಿ ಹಿಟ್ಟಿನದಾದರೂ ಸಂಕಲ್ಪ ಹಿಟ್ಟಿನದಾಗಿರಲಿಲ್ಲ. ತಾಯಿ ಮಗ ಇಬ್ಬರೂ ಅದಕ್ಕಾಗಿ ಭವಭವಗಳಲ್ಲಿ ತೊಳಲಿದರು. ಪ್ರತಿನಿಧಿಯಾಗಿ ನಿಂತ ವಸ್ತು ಎಷ್ಟೇ ಹಗುರವಾಗಿದ್ದರೂ ಅದರ ಹಿಂದಿನ ಉದ್ದೇಶ ಪೂರ್ಣ ತೂಕದ್ದೇ.

ಇದೇ ಕಥೆಯನ್ನು ಮುಂದಿಟ್ಟು ಈ ಆಟದ ಮೇಲೆ ಇನ್ನೊಂದು ಆಕ್ಷೇಪವನ್ನೂ ಎತ್ತಬಹುದು. ಕಾರ್ಡುಗಳಲ್ಲಿ ಜೀವಿಗಳ ಚಿತ್ರಗಳಿವೆ. ಅವು ಕಾದುತ್ತವೆ, ಸಾಯುತ್ತವೆ, ‘ಸ್ಮಶಾನ’ವೆಂಬ ರಾಶಿಗೆ ಸೇರುತ್ತವೆ. ಹಿಟ್ಟಿನ ಕೋಳಿಯೇ ದೋಷವಾದರೆ ಕಾಗದದ ಪ್ರಾಣಿ ದೋಷವಲ್ಲವೆ? ಈ ಆಕ್ಷೇಪವನ್ನು ನಕ್ಕು ತಳ್ಳುವುದು ಸರಿಯಲ್ಲ. ಆದರೆ ಎರಡರಲ್ಲಿ ಅಂತರವಿದೆ. ಯಶೋಧರನ ಬಲಿಯಲ್ಲಿ ಕೊಲೆಯೇ ದೇವಿಗೆ ಸಲ್ಲಬೇಕಾದ ಕಾಣಿಕೆಯಾಗಿತ್ತು. ಕೊಲ್ಲಬೇಕೆಂಬ ಭಾವನೆಯಿಲ್ಲದೆ ಆ ಕ್ರಿಯೆಗೆ ಅರ್ಥವೇ ಇರಲಿಲ್ಲ. ಚದುರಂಗದಲ್ಲಿ ಆನೆಯನ್ನು ಹೊಡೆದವನು ಆನೆಯ ಸಾವನ್ನು ಬಯಸುವುದಿಲ್ಲ. ಕಾರ್ಡಿನ ಜೀವಿಯನ್ನು ರಾಶಿಗೆ ಸೇರಿಸಿದವನೂ ಬಯಸುವುದಿಲ್ಲ. ರಕ್ತಸಿಕ್ತ ಚಿತ್ರಗಳು ಮಕ್ಕಳಿಗೆ ತಕ್ಕವಲ್ಲವೆಂದರೆ ಒಪ್ಪಬಹುದು. ಅಷ್ಟಕ್ಕೇ ನಿಲ್ಲಿಸಿದರೆ ದೃಷ್ಟಿ ಚಿತ್ರದ ಮೇಲೆ ಉಳಿದು, ಮೇಜಿನ ಆಚೆ ಕುಳಿತ ಜೀವಂತ ಗೆಳೆಯನ ಮೇಲಿನಿಂದ ಜಾರಿಹೋಗುತ್ತದೆ. ನೋಯಬಲ್ಲವನು ಅಲ್ಲಿ ಅವನೊಬ್ಬನೇ. ಸಮಂತಭದ್ರಾಚಾರ್ಯರು ಅನರ್ಥದಂಡಗಳಲ್ಲಿ ಅಪಧ್ಯಾನವನ್ನು, ಅಂದರೆ ರಾಗದ್ವೇಷಗಳಿಂದ ಪರರ ಕೇಡನ್ನು ಚಿಂತಿಸುವುದನ್ನು, ಸೇರಿಸಿದ್ದಾರೆ. ಇಂತಹ ಆಟದಲ್ಲಿ ಹಿಂಸೆಯನ್ನು ಹುಡುಕುವವರು ಅಲ್ಲಿ ಹುಡುಕಬೇಕು.

ಒಂದು ಉದಾಹರಣೆ ವಿಷಯವನ್ನು ಸ್ಪಷ್ಟಪಡಿಸೀತು. 1993ರ ಮೊದಲ ಮುದ್ರಣದಲ್ಲಿಯೇ ಆರ್ಮಗೆಡನ್ ಎಂಬ ಕಾರ್ಡು ಇತ್ತು. ನಾಲ್ಕು ಭೂಮಿಗಳ ಶಕ್ತಿಗೆ ಅದು ಮೇಜಿನ ಮೇಲಿರುವ ಎಲ್ಲ ಭೂಮಿಗಳನ್ನೂ ನಾಶಮಾಡುತ್ತದೆ. ಅದನ್ನು ಪ್ರಯೋಗಿಸಿ ಮುಂದಿನ ಒಂದೆರಡು ಸರದಿಗಳಲ್ಲಿ ಆಟ ಮುಗಿಸುವುದು ಒಂದು ಜಾಣ್ಮೆ. ಪ್ರಯೋಗಿಸಿ, ಮುಗಿಸಲೂ ಆಗದೆ, ಉಳಿದ ಮೂವರು ಒಂದು ಗಂಟೆಯ ಕಾಲ ಕಾರ್ಡು ಎಳೆಯುವುದು, ಏನೂ ಮಾಡಲಾಗದೆ ಸರದಿ ಬಿಡುವುದು, ಮತ್ತೆ ಎಳೆಯುವುದು, ಇದನ್ನು ನೋಡುತ್ತಾ ಕೂರುವುದು ಬೇರೆ. ಎರಡೂ ನಿಯಮಬದ್ಧವೇ. ನಿಯಮದ ಪುಸ್ತಕ ಇವೆರಡರ ವ್ಯತ್ಯಾಸವನ್ನು ಅರಿಯಲಾರದು.

ನಿಯಮದ ಪುಸ್ತಕ ಅರಿಯಲಾರದ್ದನ್ನು ಆಡುವವರೇ ಮಾತನಾಡಿ ತೀರ್ಮಾನಿಸಿಕೊಳ್ಳಬೇಕೆಂಬುದರ ಮೇಲೆ ನಿಂತ ಪದ್ಧತಿಯೊಂದಿದೆ. ಅಲಾಸ್ಕದಲ್ಲಿ ಕೆಲವು ಗೆಳೆಯರು 1990ರ ದಶಕದಲ್ಲಿ ತಮ್ಮ ಸಂತೋಷಕ್ಕೆ ಆಡುತ್ತಿದ್ದ ಒಂದು ಬಗೆಯನ್ನು ಶೆಲ್ಡನ್ ಮೆನರಿ ಎಂಬ ತೀರ್ಪುಗಾರರು ಕಂಡು, ಮೆಚ್ಚಿ, ಇತರ ತೀರ್ಪುಗಾರರ ನಡುವೆ ಹರಡಿದರು. ಇಂದು ಅದಕ್ಕೆ ‘ಕಮಾಂಡರ್’ ಎಂದು ಹೆಸರು. ಡೆಕ್ಕಿನಲ್ಲಿ ನೂರು ಕಾರ್ಡುಗಳು, ಸಾಮಾನ್ಯ ಭೂಮಿಗಳ ಹೊರತು ಪ್ರತಿಯೊಂದೂ ಒಂದೇ ಒಂದು, ಪ್ರಾಣಾಂಕ ನಲವತ್ತು, ಆಡುವವರು ಸಾಮಾನ್ಯವಾಗಿ ನಾಲ್ವರು. 2011ರಿಂದ ಸಂಸ್ಥೆಯು ಇದಕ್ಕಾಗಿಯೇ ಸಿದ್ಧ ಡೆಕ್ಕುಗಳನ್ನು ಮಾರತೊಡಗಿತು. 2023ರಲ್ಲಿ ತೀರಿಕೊಂಡ ಮೆನರಿ ಮತ್ತು ಅವರ ಸಂಗಡಿಗರು ನಡೆಸುತ್ತಿದ್ದ ಸಮಿತಿ ಎಲ್ಲ ನಿಯಮಗಳಿಗೂ ಮೊದಲಿನದೆಂದು ಒಂದು ನಿಯಮವನ್ನು ಎತ್ತಿಹಿಡಿದಿತ್ತು. ಅದರ ಹೆಸರೇ ‘ಸೊನ್ನೆಯ ನಿಯಮ’: ಆಟಕ್ಕೆ ಕೂರುವ ಮೊದಲು ಆಡುವವರು ಮಾತನಾಡಿಕೊಂಡು, ಇಂದು ಎಂತಹ ಆಟ ಬೇಕೆಂಬುದನ್ನು ತಾವೇ ತೀರ್ಮಾನಿಸಬೇಕು.

ಮಾತನಾಡಿಕೊಳ್ಳುವುದೆಂದರೆ ಸತ್ಯವನ್ನಾಡುವುದು. ಕಷ್ಟವಿರುವುದು ಅಲ್ಲಿಯೇ. ತಮ್ಮ ಡೆಕ್ಕಿನ ಬಲವನ್ನು ಒಂದರಿಂದ ಹತ್ತರೊಳಗಿನ ಒಂದು ಅಂಕಿಯಿಂದ ಹೇಳುವ ವಾಡಿಕೆ ಬಹುಕಾಲ ನಡೆದಿತ್ತು. ಎಲ್ಲರೂ ಏಳೆಂದೇ ಹೇಳುತ್ತಾರೆಂಬುದು ಆಟಗಾರರ ನಡುವೆ ಹಳಸಿದ ಹಾಸ್ಯ. ಹತ್ತು ಎಂದರೆ ಗೆಳೆಯರು ಜೊತೆಗೆ ಆಡಲು ಒಪ್ಪರು, ನಾಲ್ಕು ಎಂದರೆ ತನಗೇ ಅವಮಾನ. ಏಳು ಎಂದರೆ ವಿನಯವೂ ಉಳಿಯಿತು, ಗೆಲುವಿನ ದಾರಿಯೂ ಉಳಿಯಿತು. ಹೇಳಿದವರಲ್ಲಿ ಎಲ್ಲರೂ ಸುಳ್ಳುಗಾರರಲ್ಲ. ತಾನು ಕಟ್ಟಿದ ಡೆಕ್ಕಿನ ನಿಜವಾದ ಬಲ ಕಟ್ಟಿದವನಿಗೇ ತಿಳಿಯದಿರುವುದೂ ಉಂಟು. ತಿಳಿದೂ ತಗ್ಗಿಸಿ ಹೇಳಿದವನ ಗೆಲುವಿಗೆ ಮಾತ್ರ ಒಂದು ಕಲೆ ಅಂಟಿರುತ್ತದೆ. ಸೋತವರು ಅದನ್ನು ಆ ದಿನವೇ ಗುರುತಿಸದಿರಬಹುದು. ಮೂರನೆಯ ವಾರ ಗುರುತಿಸಿಯೇ ಗುರುತಿಸುತ್ತಾರೆ.

ಸತ್ಯದ ಜಾಗದಲ್ಲಿ ಪರಿಗ್ರಹ ಕುಳಿತರೆ ಏನಾಗುತ್ತದೆಂಬುದಕ್ಕೆ 2024ರ ಸೆಪ್ಟೆಂಬರ್ ಸಾಕ್ಷಿ. ಆ ತಿಂಗಳು ಸಮಿತಿಯು ಆಟವನ್ನು ಅತಿ ವೇಗವಾಗಿ ಮುಗಿಸುತ್ತಿದ್ದ ಮಾನಾ ಕ್ರಿಪ್ಟ್, ಜ್ಯುವೆಲ್ಡ್ ಲೋಟಸ್ ಮುಂತಾದ ನಾಲ್ಕು ಕಾರ್ಡುಗಳನ್ನು ನಿಷೇಧಿಸಿತು. ಅವುಗಳಲ್ಲಿ ಕೆಲವಕ್ಕೆ ಅಧಿಕ ಬೆಲೆಯಿತ್ತು, ಬೆಲೆ ಕುಸಿಯಿತು. ಸಂತೋಷಕ್ಕೆಂದು ಆಡುವ ಆಟವನ್ನು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದ ಸಮಿತಿಯ ಸದಸ್ಯರಿಗೆ ಬೆದರಿಕೆಗಳು ಬಂದವು. ವಾರ ತುಂಬುವುದರೊಳಗೆ ಸಮಿತಿಯು ಆ ಹೊಣೆಯನ್ನು ವಿಜರ್ಡ್ಸ್ ಸಂಸ್ಥೆಗೆ ಒಪ್ಪಿಸಿತು. ಕಾಗದದ ಒಂದು ತುಂಡಿಗಾಗಿ ಮನುಷ್ಯರನ್ನು ಬೆದರಿಸಿದವರು, ಅದೇ ತುಂಡಿನಿಂದ ಗೆಳೆಯನೊಡನೆ ಒಂದು ಸಂಜೆ ಕಳೆಯಬೇಕೆಂದು ಒಮ್ಮೆ ಅದನ್ನು ಕೊಂಡವರೇ ಇರಬೇಕು.

2025ರ ಫೆಬ್ರವರಿಯಲ್ಲಿ ಸಂಸ್ಥೆಯು ಒಂದರಿಂದ ಹತ್ತರ ಅಂಕಿಗೆ ಬದಲಾಗಿ ಐದು ಶ್ರೇಣಿಗಳನ್ನು ಪರೀಕ್ಷಾರ್ಥವಾಗಿ ಪ್ರಕಟಿಸಿತು. ಆಟದ ಗತಿಯನ್ನೇ ಬದಲಿಸುವ ಕಾರ್ಡುಗಳ ಪಟ್ಟಿಯೊಂದನ್ನು ಕೊಟ್ಟು, ಕೆಳಗಿನ ಶ್ರೇಣಿಗಳಲ್ಲಿ ಅವುಗಳಿಗೆ ಮಿತಿ ಹಾಕಿತು. ಭೂಮಿಗಳನ್ನೆಲ್ಲ ಒಮ್ಮೆಗೆ ಕಳೆಯುವ ಆರ್ಮಗೆಡನ್‌ನಂತಹವನ್ನು ಮೊದಲ ಮೂರು ಶ್ರೇಣಿಗಳಿಂದ ಹೊರಗಿಟ್ಟಿತು. ಉಪಯುಕ್ತ ಕೆಲಸವೇ. ಆದರೆ ಎರಡನೆಯ ಶ್ರೇಣಿಯ ಅಕ್ಷರವನ್ನು ಪಾಲಿಸಿ ನಾಲ್ಕನೆಯದರ ಬಲವನ್ನು ಕಟ್ಟುವ ಚತುರರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಪಟ್ಟಿಗಿಂತ ಆಡುವವನ ಉದ್ದೇಶ ಮುಖ್ಯವೆಂದು ಸಂಸ್ಥೆಯ ವಿವರಣೆಗಳೇ ಒತ್ತಿ ಹೇಳಬೇಕಾಗಿ ಬಂದಿರುವುದು ಈ ಕಾರಣದಿಂದ.

ಹಾಗಾದರೆ ನಾಲ್ಕನೆಯ ಗೆಳೆಯನು ಮಾಡಬೇಕಾದದ್ದೇನು? ಸಾಮಾನ್ಯವಾಗಿ ಕೊಡಲಾಗುವ ಸಲಹೆ, ಆಡುವಾಗ ಸ್ವಲ್ಪ ಕೈ ತಡೆದು ಆಡು ಎಂಬುದು. ಬಲಿಷ್ಠ ಕಾರ್ಡು ಕೈಯಲ್ಲಿದ್ದರೂ ಇಡಬೇಡ. ಗೆಲ್ಲುವ ಅವಕಾಶವಿದ್ದರೂ ಒಂದು ಸರದಿ ಬಿಡು. ಈ ಸಲಹೆ ದಯೆಯಂತೆ ಕಾಣುತ್ತದೆ, ಆದರೆ ಕೆಟ್ಟ ಸಲಹೆ. ಎದುರಾಳಿಗೆ ತಿಳಿಯದಂತೆ ಬೇಕೆಂದೇ ಸೋಲುವವನು ಅವನ ಗೆಲುವನ್ನೇ ಸುಳ್ಳು ಮಾಡುತ್ತಾನೆ. ತಿಳಿದಾಗ ಆಗುವ ಅವಮಾನ ಸೋಲಿನ ಅವಮಾನಕ್ಕಿಂತ ಹೆಚ್ಚಿನದು. ನಾಲ್ಕು ವರ್ಷದ ಮಗುವಿನೊಡನೆ ತಂದೆ ಹೀಗೆ ಆಡಿದರೆ ಅದು ವಾತ್ಸಲ್ಯ. ಸಮಾನನಾದ ಗೆಳೆಯನೊಡನೆ ಹೀಗೆ ಆಡಿದರೆ ಅವನನ್ನು ಮಗುವೆಂದು ಬಗೆದಂತೆ.

ಚದುರಂಗದ ಹಳೆಯ ಆಟಗಾರರು ಇದನ್ನು ಚೆನ್ನಾಗಿ ಅರಿತಿದ್ದರು. ಎದುರಾಳಿ ತನಗಿಂತ ಬಹಳ ದುರ್ಬಲನಾದರೆ ಬಲ್ಲಿದನು ಆಟದ ಮೊದಲೇ ತನ್ನ ಒಂದು ಕುದುರೆಯನ್ನೋ ಆನೆಯನ್ನೋ ಎಲ್ಲರೆದುರು ಮಣೆಯಿಂದ ತೆಗೆದಿಡುತ್ತಿದ್ದನು. ಬಳಿಕ ಉಳಿದ ಕಾಯಿಗಳಿಂದ ತನ್ನ ಪೂರ್ಣ ಶಕ್ತಿಯಿಂದ ಆಡುತ್ತಿದ್ದನು. ಮಿತಿ ಆಟದ ಮೊದಲಿನದು, ಆಟದೊಳಗೆ ಮಿತಿಯಿಲ್ಲ. ಗೃಹಸ್ಥನ ಪರಿಮಾಣ ವ್ರತದ ರಚನೆಯೂ ಇಂತಹದೇ. ಇಷ್ಟು ಭೂಮಿ, ಇಷ್ಟು ಧನ, ಇಷ್ಟು ದೂರದ ಸಂಚಾರ ಎಂದು ಮೊದಲೇ ಗೆರೆ ಎಳೆದುಕೊಂಡವನು ಆ ಗೆರೆಯೊಳಗೆ ಅಳುಕದೆ ದುಡಿಯುತ್ತಾನೆ. ಪ್ರತಿ ಸಂದರ್ಭದಲ್ಲಿಯೂ ಗೆರೆಯನ್ನು ಹೊಸದಾಗಿ ಎಳೆಯಹೊರಟವನು ದುಡಿಯಲೂ ಆರನು, ತಡೆಯಲೂ ಆರನು.

ಟ್ರೇಡಿಂಗ್ ಕಾರ್ಡ್ ಆಟದಲ್ಲಿ ಗೆರೆ ಎಳೆಯುವ ಸ್ಥಳ ಡೆಕ್ಕು ಕಟ್ಟುವ ಮೇಜು. ಅಲ್ಲಿ ಕಟ್ಟುವವನು ಒಬ್ಬನೇ ಇರುತ್ತಾನೆ, ಯಾರೂ ನೋಡುತ್ತಿರುವುದಿಲ್ಲ, ಈ ಕಾರ್ಡನ್ನು ಸೇರಿಸಲೇ ಬಿಡಲೇ ಎಂಬ ಪ್ರಶ್ನೆಗೆ ನಿಯಮವು ‘ಸೇರಿಸಬಹುದು’ ಎಂದೇ ಹೇಳುತ್ತಿರುತ್ತದೆ. ಗೆಳೆಯರ ಮುಖವನ್ನು ನೆನೆದು ಅದನ್ನು ಬಿಟ್ಟವನು ಮರುದಿನ ಕೈ ತಡೆಯಬೇಕಾಗಿಲ್ಲ. ಇದ್ದದ್ದನ್ನೆಲ್ಲ ಆಡಬಹುದು, ಗೆಲ್ಲಲು ಮನಸಾರೆ ಹೆಣಗಬಹುದು; ಗೆದ್ದರೆ ಆ ಗೆಲುವಿಗೆ ಸೋತವರೂ ಸಂತೋಷಪಟ್ಟಾರು. ಮನೆಯಲ್ಲಿ ಕಟ್ಟಿದ ಡೆಕ್ಕಿಗೆ ಆಟಗಾರರ ನಡುವೆ ಇರುವ ವಿಶೇಷ ಮರ್ಯಾದೆಗೆ ಇದೇ ಕಾರಣವಿದ್ದೀತು. ಅದು ಅಗ್ಗವೆಂದಲ್ಲ, ದುರ್ಬಲವೆಂದೂ ಅಲ್ಲ. ಅದರಲ್ಲಿ ಕಟ್ಟಿದವನು ಬಿಟ್ಟದ್ದು ಏನೆಂಬುದು ಇಟ್ಟದ್ದರಷ್ಟೇ ಕಾಣುತ್ತದೆ.

ಉಳಿದ ಮೂವರಿಗೂ ಒಂದು ಹೊಣೆಯುಂಟು. ಅದನ್ನು ಅವರು ಸಾಮಾನ್ಯವಾಗಿ ಮರೆ ಮಾಡುತ್ತಾರೆ. ನಾಲ್ಕನೆಯವನಿಗೆ ಏನನ್ನೂ ಹೇಳದೆ, ಹಿಂದಿನಿಂದ ಆಡಿಕೊಂಡು, ಮುಂದಿನ ವಾರ ಕೆಲಸವಿದೆಯೆಂದು ನೆಪ ಹೇಳಿ ತಪ್ಪಿಸಿಕೊಳ್ಳುವುದು ಅವನ ಅತಿ ಬಲದಷ್ಟೇ ಕೂಟಕ್ಕೆ ಮಾರಕ. ಅವನ ಡೆಕ್ಕಿನಿಂದ ತಾವು ಸೋತೆವೋ, ಅವನ ಆಟದಿಂದ ಸೋತೆವೋ ಎಂಬುದೂ ಅವರಿಗೆ ಗೊತ್ತಿರುವುದಿಲ್ಲ. ಈ ತೊಡಕನ್ನು ಬಿಡಿಸಲು ಅನೇಕ ಮಿತ್ರಕೂಟಗಳಲ್ಲಿ ಒಂದು ರೂಢಿಯಿದೆ: ಒಂದು ಸುತ್ತು ಆಡಿದ ಮೇಲೆ ಡೆಕ್ಕುಗಳನ್ನು ಬಲಗಡೆ ಕುಳಿತವನಿಗೆ ದಾಟಿಸಿ ಮತ್ತೊಂದು ಸುತ್ತು ಆಡುವುದು. ಕೊಂಡ ಡೆಕ್ಕು ಆಗ ಬೇರೆಯವರ ಕೈಗೆ ಹೋಗಿರುತ್ತದೆ, ಕೊಂಡವನು ಅದರ ಹೊಡೆತವನ್ನು ಮೇಜಿನ ಈಚೆಯಿಂದ ಮೊದಲ ಬಾರಿಗೆ ಕಾಣುತ್ತಾನೆ. ಅವನ ಕೈಯಲ್ಲಿರುವ ಗೆಳೆಯನ ಡೆಕ್ಕಿನಲ್ಲಿ ಅವನು ಎಂದೂ ಕಾಣದ ಕಾರ್ಡುಗಳಿರುತ್ತವೆ. ಒಂದೊಂದನ್ನೂ ಓದಬೇಕಾಗುತ್ತದೆ, ಇದನ್ನೇಕೆ ಸೇರಿಸಿದೆ ಎಂದು ಕೇಳಬೇಕಾಗುತ್ತದೆ. ಕಟ್ಟಿದವನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಹೇಳತೊಡಗುತ್ತಾನೆ.